ನಾಕ ಮಂದಿ ಬೇಕಾದ ದಿನ

ನಮ್ಮ ಅವ್ವನಿಗೆ ಎಣಿಸಲು ಚೆನ್ನಾಗಿಯೇ ಬರುತ್ತಿತ್ತು. ಸಂತೆಯಲ್ಲಿ ಆಕೆಗೆ ಒಂದು ಬದನೆಕಾಯಿ ಕಡಿಮೆ ಹಾಕಿ ಯಾರೂ ಪಾರಾದದ್ದಿಲ್ಲ. ಆದರೂ ಮನೆಯೊಳಗೆ ಆಕೆಯ ಬಾಯಲ್ಲಿ ಓಡಾಡುತ್ತಿದ್ದದ್ದು ಒಂದೇ ಅಂಕಿ, ನಾಕು. ನೆಂಟರು ಬಂದರೆ "ನಾಕ ದಿನ ಇದ್ದ ಹೋಗ್ರಿ" ಎನ್ನುತ್ತಿದ್ದಳು. ಅವರು ಒಂದು ರಾತ್ರಿ ಇದ್ದರೂ ಸೈ, ತಿಂಗಳಿದ್ದರೂ ಸೈ. "ನಾಕ ಕಾಳ ಹೆಸರ ಹಾಕ" ಎಂದರೆ ಒಂದು ಹಿಡಿ. ನನ್ನನ್ನು ಏಳನೇ ಇಯತ್ತೆಯವರೆಗೆ ಸಾಲೆಗೆ ಕಳಿಸಿದ್ದು "ಹುಡುಗಿ ನಾಕ ಅಕ್ಷರ ಕಲೀಲಿ" ಅಂತ. ಬಿಡಿಸಿದ್ದು "ನಾಕ ಅಕ್ಷರ ಬಂದುವಲ್ಲ, ಸಾಕ" ಅಂತ. ತಲೆಯ ಮೇಲಿನ ಸೆರಗು ಜಾರಿದರೆ, ಬಾಗಿಲಲ್ಲಿ ನಿಂತು ಜೋರಾಗಿ ನಕ್ಕರೆ, ಅಪ್ಪ ಯಾರದೋ ಜೊತೆ ಜಗಳ ತೆಗೆದರೆ, ಎಲ್ಲಕ್ಕೂ ಆಕೆಯ ಮಾತು ಒಂದೇ: "ನಾಕ ಮಂದಿ ಏನಂದಾರು?"

ಆ ನಾಲ್ಕು ಮಂದಿ ಯಾರು ಎಂದು ಸಣ್ಣವಳಿದ್ದಾಗ ಒಮ್ಮೆ ಕೇಳಿದ್ದೆ. "ಊರಾಗಿನ ಮಂದಿ ಬೇ, ಮತ್ಯಾರ?" ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದ್ದಳು.

ನಮ್ಮದು ಯರಗುಪ್ಪಿಯಿಂದ ಆಚೆ, ಬೆಣ್ಣಿಹಳ್ಳದ ದಂಡೆಯ ಸಣ್ಣ ಊರು. ಸುತ್ತಲೂ ಎರೆಭೂಮಿ. ಒಂದು ಕಡೆ ಹಳ್ಳ, ಇನ್ನೊಂದು ಕಡೆ ಮೂರು ಮೈಲಿ ಹೊಲದ ದಾರಿ ನಡೆದರೆ ಡಾಂಬರು ರಸ್ತೆ. ಹಳ್ಳ ತುಂಬಿದರೆ ಆ ಕಡೆಯ ಸಂಪರ್ಕ ಕಡಿಯುತ್ತಿತ್ತು. ಮಳೆ ಹಿಡಿದರೆ ಈ ಕಡೆಯ ದಾರಿಯೂ ಅಂಟಿನಂತಾಗಿ ಚಕ್ಕಡಿಯ ಗಾಲಿ ತಿರುಗುತ್ತಿರಲಿಲ್ಲ. ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ, ಚೊಚ್ಚಲ ಹೆರಿಗೆಗೆಂದು ನಾನು ಶಲವಡಿಯ ಗಂಡನ ಮನೆಯಿಂದ ಈ ಊರಿಗೆ ಬಂದೆ.

ಮನೆಯಲ್ಲಿ ಅಪ್ಪ, ಅವ್ವ ಮತ್ತು ಸೋದರತ್ತೆ. ಅತ್ತೆ ಅಪ್ಪನ ತಂಗಿ. ಮದುವೆಯಾದ ಮರುವರ್ಷವೇ ಗಂಡ ತೀರಿಕೊಂಡಿದ್ದ, ಅಂದಿನಿಂದ ನಮ್ಮಲ್ಲೇ ಇದ್ದಳು. ಎತ್ತರದ ಹೆಂಗಸು, ಗಂಡಾಳಿನಂತೆ ಹೊಲದಲ್ಲಿ ದುಡಿಯುತ್ತಿದ್ದಳು. ಹೊಲದಲ್ಲಿ ಹೆಸರುಕಾಯಿ ಬಿಡಿಸಲು ಹೋದರೆ ಎರಡು ಸಾಲು ಒಮ್ಮೆಲೇ ಹಿಡಿದು ಮುಂದೆ ಹೋಗಿಬಿಡುತ್ತಿದ್ದಳು. ಆದರೆ ಮನೆಯಲ್ಲಿ ಶುಭದ ಕೆಲಸ ಬಂತೆಂದರೆ ಹಿತ್ತಿಲ ಕಡೆ ಸರಿಯುತ್ತಿದ್ದಳು. ಯಾರೂ ಹೋಗು ಎನ್ನುತ್ತಿರಲಿಲ್ಲ. ಆಕೆಗೇ ಗೊತ್ತಿತ್ತು. ನನ್ನ ಸೀಮಂತದ ಕುಬಸದ ದಿನ ಆರತಿ ಎತ್ತುವಾಗ ದನದ ಕೊಟ್ಟಿಗೆಯ ಬಾಗಿಲಿನಿಂದ ಇಣುಕಿ ನೋಡುತ್ತಿದ್ದವಳು, ನಾನು ಕಣ್ಣೆತ್ತಿದೊಡನೆ ಒಳಗೆ ಹೋದಳು.

ಆ ವರ್ಷ ಮಳೆ ತಡವಾಯಿತು. "ನಾಕ ಹನಿ ಬಿದ್ರ ಸಾಕಾಗಿತ್ತ" ಎಂದು ಅಪ್ಪ ದಿನವೂ ಮೋಡ ನೋಡುತ್ತಿದ್ದ. ಹೆಸರು ಒಕ್ಕಿ ಮುಗಿದ ಮೇಲೆ ಒಂದು ದಿನ ಊರಿನ ಗಟ್ಟಿಮುಟ್ಟಾದ ಗಂಡಸರೆಲ್ಲ ಚಕ್ಕಡಿ ಹೂಡಿಕೊಂಡು, ಹಳ್ಳ ದಾಟಿ, ಕಾಳು ಮಾರಲು ಹೋದರು. ಅಂದು ಮಧ್ಯಾಹ್ನ ಹಿಡಿದ ಮಳೆ ಮರುದಿನವೂ ಬಿಡಲಿಲ್ಲ. ಬೆಣ್ಣಿಹಳ್ಳ ದಂಡೆ ಮೀರಿ ಹರಿಯಿತು. ಹೋದವರು ಆ ಕಡೆಯೇ ಉಳಿದರು. ಅಪ್ಪನಿಗೆ ಉಬ್ಬಸದ ತೊಂದರೆ ಇದ್ದದ್ದರಿಂದ ಚಕ್ಕಡಿಯನ್ನು ಬೇರೆಯವರ ಕೈಗೆ ಕೊಟ್ಟು ತಾನು ಮನೆಯಲ್ಲೇ ಇದ್ದ.

ನನಗೆ ನೋವು ಶುರುವಾದದ್ದು ಆ ಮಳೆಯಲ್ಲಿ, ದೀಪ ಹಚ್ಚುವ ಹೊತ್ತಿಗೆ. ಊರ ಸೂಲಗಿತ್ತಿ ಅಜ್ಜಿ ಬಂದಳು. ಬೆಳಗಾಗುವವರೆಗೆ ಆಕೆ ಏನೇನು ಮಾಡಿದಳೋ ನನಗೆ ಪೂರ್ತಿ ನೆನಪಿಲ್ಲ. ಕಿಟಕಿಯಲ್ಲಿ ಬೂದಿ ಬಣ್ಣದ ಬೆಳಕು ಬಂದಾಗ ಆಕೆ ಕೈ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಳ್ಳುತ್ತ ಹೊರಗೆ ಹೋಗಿ ಅಪ್ಪನಿಗೆ ಹೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಕೂಸ ಅಡ್ಡ ಐತಿ. ಕೈ ಹೊರಗ ಬಂದೈತಿ. ನನ್ನ ಕೈಲೆ ಆಗೂದಲ್ಲ ಇದು. ದೊಡ್ಡ ದವಾಖಾನಿಗೆ ಒಯ್ರಿ."

"ಹೆಂಗ ಒಯ್ಯೂದಬೇ? ಚಕ್ಕಡಿ ಇಲ್ಲ. ಇದ್ರೂ ನಡಿಯಾಂಗಿಲ್ಲ."

"ಹೊರಸಿನ ಮ್ಯಾಲ ಹಾಕ್ಕೊಂಡ ಹೋಗ್ರಿ. ನಾಕ ಮಂದೀನ ಕರಕೊಂಬಾ."

ಅಪ್ಪ ಮಳೆಯಲ್ಲೇ ಓಡಿದ. ಇಷ್ಟು ದಿನ ನಮ್ಮ ಮನೆಯಲ್ಲಿ ಮಾತಿಗೆ ಮಾತ್ರ ಇದ್ದ ಆ ನಾಲ್ಕು ಮಂದಿ ಅಂದು ನಿಜವಾಗಿ ಬೇಕಾದರು. ಹೊರಸೆಂದರೆ ನುಲಿ ಹೆಣೆದ ಮಂಚ, ಅದಕ್ಕೆ ನಾಲ್ಕು ಮೂಲೆ, ನಾಲ್ಕು ಹೆಗಲು. ಮೂರಾದರೆ ಏಳುವುದಿಲ್ಲ.

ಬಾಜು ಮನೆಯ ಪಿಂಜಾರ ಕಾಕಾ ಕರೆದ ಕೂಡಲೇ ಬಂದ. ಆತ ಅರಳೆ ಹಿಂಜಿ ಗಾದಿ ಹೊಲಿಯುವವನು, ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದವನು. ಬರುವಾಗಲೇ ಎರಡು ಬಿದಿರು ಬೊಂಬು ಹೆಗಲ ಮೇಲೆ ಹೊತ್ತು ತಂದಿದ್ದ. ಸಾಲೆಯ ಮಾಸ್ತರರು ಬಂದರು. ಪರ ಊರಿನವರು, ಸಣಕಲು ಮೈ, ಕನ್ನಡಕ. ಮಳೆಗೆ ಊರಿನಲ್ಲೇ ಸಿಕ್ಕಿಕೊಂಡಿದ್ದರು. ಅಪ್ಪ ಸೇರಿ ಮೂವರು. ನಾಲ್ಕನೆಯವರು ಸಿಗಲಿಲ್ಲ. ಒಬ್ಬನಿಗೆ ಚಳಿಜ್ವರ, ಇನ್ನೊಬ್ಬ ಮುದುಕ, ಮಾಳಿಗೆಯ ಮನೆಯವನೊಬ್ಬ ಬಾಗಿಲಲ್ಲೇ ನಿಂತು, "ಹಳ್ಳ ಇಳೀಲಿ ತಡಿ, ನಾಕ ಮಂದಿ ಬರ್ತಾರ, ಆಗ ಒಯ್ಯೂಣು" ಎಂದನಂತೆ. ಅಪ್ಪ ತಿರುಗಿ ಬಂದು ಪಡಸಾಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮುಖ ಮುಚ್ಚಿಕೊಂಡ. ಆತನ ಎದೆ ಸಿಳ್ಳೆ ಹಾಕುತ್ತಿದ್ದದ್ದು ಒಳಗೆ ಮಲಗಿದ್ದ ನನಗೆ ಕೇಳುತ್ತಿತ್ತು.

ಆಗ ಅತ್ತೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಳು. ರಾತ್ರಿಯಿಡೀ ಆಕೆ ನನ್ನ ಕೋಣೆಗೆ ಕಾಲಿಟ್ಟಿರಲಿಲ್ಲ. ನೀರು ಕಾಯಿಸಿ ಹೊಸ್ತಿಲಲ್ಲಿ ಇಟ್ಟು ಹೋಗುತ್ತಿದ್ದಳು. ಈಗ ಸೀರೆಯ ಕಚ್ಚೆ ಬಿಗಿದಿದ್ದಳು, ತಲೆಗೆ ಅಪ್ಪನ ಟವೆಲ್ಲು ಸುತ್ತಿದ್ದಳು.

"ಏಳ ಅಣ್ಣಾ. ಒಂದ ಮೂಲಿ ನಾ ಹಿಡೀತೇನಿ."

ಅವ್ವ ಎದ್ದು ನಿಂತಳು. "ಬ್ಯಾಡಬೇ. ಚೊಚ್ಚಲ ಬಸರಿ. ನೀ ಮುಟ್ಟಬ್ಯಾಡ. ಜೀವಂತ ಮಗಳನ್ನ ನಾಕ ಮಂದಿ ಹೆಗಲ ಮ್ಯಾಲ ಮನಿಯಿಂದ ಕಳಸೂದ ಸಾಲದು ಅಂತ, ಅದರಾಗ ನೀನೂ... ನಾಕ ಮಂದಿ ಏನಂದಾರು?"

ಅತ್ತೆ ಅವ್ವನಿಗೆ ಎದುರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಎಲ್ಲದಾರ ವೈನಿ ಆ ನಾಕ ಮಂದಿ? ಇದ್ರ ಕರಿ. ಬಂದ ಹೊರಲಿ. ನಾ ಹಿಂದ ಸರೀತೇನಿ."

ಮಾಳಿಗೆಯ ಮೇಲೆ ಮಳೆ ಬಡಿಯುತ್ತಿತ್ತು. ಕಾಕಾ ಹೊರಸಿನ ಕೆಳಗೆ ಬೊಂಬು ತೂರಿಸಿ ಹಗ್ಗ ಬಿಗಿಯುತ್ತಿದ್ದವನು, ತಲೆ ಎತ್ತದೆ, "ಬಾ ತಂಗಿ, ಮುಂದಿನ ಬಾಜು ಹಿಡಿ. ನೀ ಎತ್ತರ ಅದಿ" ಎಂದ.

ಕೌದಿ ಹಾಸಿ ನನ್ನನ್ನು ಮಲಗಿಸಿದರು. ಮೇಲೆ ಕಂಬಳಿ, ಅದರ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಹರಿದು ಹೊದಿಸಿದರು. ಮುಂದೆ ಅತ್ತೆ ಮತ್ತು ಕಾಕಾ, ಹಿಂದೆ ಅಪ್ಪ ಮತ್ತು ಮಾಸ್ತರರು. ಅವ್ವ ಪಕ್ಕದಲ್ಲಿ ಕೊಡೆ ಹಿಡಿದು ನಡೆದಳು. ಆ ಗಾಳಿಗೆ ಕೊಡೆ ಊರ ಅಗಸಿ ಬಾಗಿಲಲ್ಲೇ ಉಲ್ಟಾ ಆಯಿತು. ಅದನ್ನು ಎಸೆದು, ತನ್ನ ಎರಡೂ ಅಂಗೈಯನ್ನು ನನ್ನ ಮುಖದ ಮೇಲೆ ಚಾಚಿ ಹಿಡಿದುಕೊಂಡು ಬಂದಳು.

ನೆನೆದ ಎರೆಯಲ್ಲಿ ನಡೆದವರಿಗೇ ಗೊತ್ತು ಅದರ ಕಷ್ಟ. ಒಂದು ಹೆಜ್ಜೆಗೆ ಅಂಟಿದ ಮಣ್ಣು ಮುಂದಿನ ಹೆಜ್ಜೆಗೆ ಇಮ್ಮಡಿಯಾಗುತ್ತದೆ. ಕಾಲು ಕಲ್ಲಿನ ಗುಂಡಿನಂತಾಗುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಲ್ಲರ ಚಪ್ಪಲಿ ಕೆಸರಿನಲ್ಲಿ ಹೋದವು. ಹೊರಸು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲುತ್ತಿತ್ತು. ವಾಲಿದಾಗೆಲ್ಲ ನನ್ನೊಳಗೆ ಯಾರೋ ಕುಡುಗೋಲು ಎಳೆದಂತಾಗುತ್ತಿತ್ತು. ನಾನು ಕಂಬಳಿಯ ಅಂಚನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದೆ. ಕೂಗಿದರೆ ಅವರ ಕೈ ಸಡಿಲಾದೀತೆಂದು ಭಯ.

ನನಗೆ ಕಾಣುತ್ತಿದ್ದದ್ದು ಅತ್ತೆಯ ಬೆನ್ನು ಮತ್ತು ಕುತ್ತಿಗೆ. ಬೊಂಬು ಉಜ್ಜಿ ಉಜ್ಜಿ ಹೆಗಲ ಮೇಲಿನ ಕುಪ್ಪಸ ಹರಿದಿತ್ತು. ಮಾಸ್ತರರು ಆಗಾಗ "ನಿಲ್ಸಿ, ಸ್ವಲ್ಪ ನಿಲ್ಸಿ" ಎಂದು ಹೆಗಲು ಬದಲಿಸುತ್ತಿದ್ದರು. ಅಪ್ಪ ಬಾಯಿಯಿಂದ ಉಸಿರೆಳೆಯುತ್ತ "ಶಿವಾ, ಶಿವಾ" ಎನ್ನುತ್ತಿದ್ದ. ಕಾಕಾ ತನ್ನ ದೇವರನ್ನು ಕರೆಯುತ್ತಿದ್ದ.

ಅರ್ಧ ದಾರಿಯಲ್ಲಿ ಒಂದು ಹರಿ, ಸಣ್ಣ ತೊರೆ. ಬೇಸಿಗೆಯಲ್ಲಿ ನಾವು ಜಿಗಿದು ದಾಟುತ್ತಿದ್ದದ್ದು. ಅಂದು ಕದಡಿದ ನೀರು ಸೊಂಟದ ಮಟ್ಟ ಓಡುತ್ತಿತ್ತು. ಅಪ್ಪ ಅಲ್ಲೇ ನಿಂತುಬಿಟ್ಟ.

"ಇಲ್ಲಿಂದ ಆಗೂದಿಲ್ಲಪಾ. ತಿರುಗಿ ಹೋಗೂಣು."

"ತಿರುಗಿ ಹೋಗಿ ಏನ ಮಾಡ್ತಿ?" ಎಂದಳು ಅತ್ತೆ. "ಅಲ್ಲೇನೈತಿ?"

"ಜಾರಿದ್ರ ಎಲ್ಲಾರೂ ಹರಕೊಂಡ ಹೊಕ್ಕೇವಿ."

"ತಲಿ ಮ್ಯಾಲ ಇಟ್ಕೋರಿ," ಎಂದ ಕಾಕಾ. "ಕಾಲ ಎತ್ತಬ್ಯಾಡ್ರಿ, ಜರಗಿಸಿಕೋತ ಬರ್ರಿ."

ನಾಲ್ವರೂ ಬೊಂಬನ್ನು ತಲೆಯ ಮೇಲೆ ಹೊತ್ತು ನೀರಿಗಿಳಿದರು. ನನಗೆ ಆಗ ಆಕಾಶವಲ್ಲದೆ ಬೇರೆ ಏನೂ ಕಾಣಲಿಲ್ಲ. ಕೆಳಗೆ ನೀರಿನ ಭೋರೆನ್ನುವ ಸಪ್ಪಳ, ಅವ್ವ ದಂಡೆಯ ಮೇಲೆ ನಿಂತು ನನ್ನ ಹೆಸರು ಹಿಡಿದು ಕೂಗುವುದು. ಒಮ್ಮೆ ಹೊರಸು ಹಿಂದಕ್ಕೆ ಕುಸಿಯಿತು. ಮಾಸ್ತರರ ಕಾಲು ಕುಣಿಯಲ್ಲಿ ಬಿದ್ದಿತ್ತು. ಮುಗಿಯಿತು ಎಂದುಕೊಂಡೆ. ನನ್ನ ಮನಸ್ಸಿನಲ್ಲಿ ಆಗ ಕೂಸಿನ ವಿಚಾರ ಕೂಡ ಇರಲಿಲ್ಲ, ಗಂಡನ ಮುಖವೂ ಬರಲಿಲ್ಲ. ನೀರು ತಣ್ಣಗಿರಬಹುದು, ನೋವು ನಿಲ್ಲಬಹುದು ಎಂದಷ್ಟೇ ಅನ್ನಿಸಿತು. ಆಮೇಲೆ ಹೊರಸು ಮತ್ತೆ ಸಮವಾಯಿತು. ಆಚೆ ದಂಡೆಯಲ್ಲಿ ನನ್ನನ್ನು ಇಳಿಸಿ ಕಾಕಾ ತಿರುಗಿ ಹೋಗಿ ಅವ್ವನನ್ನು ಕೈ ಹಿಡಿದು ದಾಟಿಸಿ ತಂದ. ಮಾಸ್ತರರ ಕನ್ನಡಕ ನೀರಿಗೆ ಹೋಗಿತ್ತು. ಉಳಿದ ದಾರಿಯನ್ನು ಅವರು ಕಣ್ಣು ಕಾಣದೆಯೇ ನಡೆದರು.

ಡಾಂಬರು ರಸ್ತೆಗೆ ಬಂದು ಹೊರಸು ಇಳಿಸಿದಾಗ ಮಧ್ಯಾಹ್ನ ದಾಟಿತ್ತು. ಅಪ್ಪ ರಸ್ತೆಯ ಮೇಲೆಯೇ ಅಡ್ಡ ಬಿದ್ದುಕೊಂಡ. ಒಂದು ಲಾರಿ ಬಂತು. ಕಾಕಾ ಎರಡೂ ಕೈ ಎತ್ತಿ ನಿಂತರೂ ನಿಲ್ಲಲಿಲ್ಲ, ನಮ್ಮ ಮೇಲೆ ನೀರು ಸಿಡಿಸಿ ಹೋಯಿತು. ಬಹಳ ಹೊತ್ತಿನ ಮೇಲೆ ನವಲಗುಂದದ ಕಡೆಯಿಂದ ಹುಬ್ಬಳ್ಳಿಗೆ ಹೋಗುವ ಬಸ್ಸು ಕಂಡಿತು. ಅತ್ತೆ ರಸ್ತೆಯ ನಟ್ಟನಡುವೆ ಹೋಗಿ ನಿಂತಳು. ಬಸ್ಸು ಆಕೆಯ ಎದೆಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಡ್ರೈವರ್ ಬೈಯಲು ಬಾಯಿ ತೆರೆದವನು ಹೊರಸು ನೋಡಿ ಎಂಜಿನ್ ಆರಿಸಿದ.

ಕಂಡಕ್ಟರ್ ಒಳಗೆ ತಿರುಗಿ, "ಹಿಂದಿನ ಸೀಟಿನ್ಯಾಗಿಂದ ಒಂದ ನಾಕ ಮಂದಿ ಎದ್ದ ನಿಂದರ್ರಿ, ಬಸರಿ ಹೆಣ್ಣಮಗಳ ಅದಾಳ" ಎಂದ. ಅರ್ಧ ಬಸ್ಸು ಎದ್ದು ನಿಂತಿತು. ಯಾರೋ ತಮ್ಮ ಹೊಸ ಜಮಖಾನೆ ಬಿಚ್ಚಿ ಸೀಟಿಗೆ ಹಾಸಿದರು. ನವಲಗುಂದದಲ್ಲಿ ಅಂದೇ ಕೊಂಡದ್ದಿರಬೇಕು, ಮಡಿಕೆಯ ಗೆರೆ ಹೋಗಿರಲಿಲ್ಲ. ಅದರ ಮೇಲೆಲ್ಲ ನನ್ನ ರಕ್ತವಾಯಿತು. ಅವರು ಯಾರೆಂದು ಇಂದಿಗೂ ಗೊತ್ತಿಲ್ಲ.

ಹುಬ್ಬಳ್ಳಿಯ ದವಾಖಾನೆಯಲ್ಲಿ ಡಾಕ್ಟರಮ್ಮ ಮೈಸೂರು ಕಡೆಯವರಿರಬೇಕು. "ಎಷ್ಟು ಹೊತ್ತಿಂದ ನೋವು?" ಎಂದು ಕೇಳಿದರು.

ಅವ್ವ ಗಾಬರಿಯಲ್ಲಿ, "ನಾಕ ದಿನದಿಂದ ಸೊಂಟ ನೋಯಿಸ್ತೈತಿ ಅಂತಿದ್ಲರಿ" ಎಂದಳು.

"ನಾಲ್ಕು ದಿನಾನಾ?" ಡಾಕ್ಟರಮ್ಮ ಕೈಯಲ್ಲಿದ್ದದ್ದನ್ನು ಮೇಜಿನ ಮೇಲೆ ಕುಕ್ಕಿದರು. "ನಾಲ್ಕು ದಿನ ನೋವು ತಿನ್ನೋಕೆ ಬಿಟ್ಟು ಮನೇಲಿ ಇಟ್ಕೊಂಡಿದ್ರಾ? ಮನುಷ್ಯರಾ ನೀವು?"

ಅವ್ವನಿಗೆ ತನ್ನಿಂದ ಏನು ತಪ್ಪಾಯಿತೆಂದೇ ತಿಳಿಯಲಿಲ್ಲ. ಆಕೆ ಹೇಳಿದ್ದು ಈ ಕೆಲವು ದಿನಗಳ ಮಾಮೂಲಿ ಸೊಂಟನೋವಿನ ಮಾತು. ಅತ್ತೆ ಮುಂದೆ ಬಂದು, "ಇಲ್ರಿ ಬಾಯಾರ, ನಮ್ಮ ಕಡೆ ಹಂಗ ಅಂತಾರಿ. ಬ್ಯಾನಿ ಹತ್ತಿದ್ದು ನಿನ್ನೆ ದೀಪಾ ಹಚ್ಚೂ ಹೊತ್ತಿಗೆ. ನೀರ ಹೋಗಿದ್ದು ಕೋಳಿ ಕೂಗೂ ಮುಂದ" ಎಂದಳು. ಡಾಕ್ಟರಮ್ಮ ಆಕೆಯ ಹರಿದ ಹೆಗಲನ್ನೂ ಮೊಣಕಾಲವರೆಗಿನ ಕರಿಮಣ್ಣನ್ನೂ ನೋಡಿದರು. ಮತ್ತೇನೂ ಕೇಳದೆ ನನ್ನನ್ನು ಒಳಗೆ ತಳ್ಳಿಸಿಕೊಂಡು ಹೋದರು.

ಹೊಟ್ಟೆ ಕೊಯ್ದು ಕೂಸು ತೆಗೆದರು. ಗಂಡು. ಜೀವವಿತ್ತು, ಆದರೆ ಅಳಲಿಲ್ಲ. ಮೊದಲು ಹೊರಬಂದಿದ್ದ ಕೈ ನೀಲಿಯಾಗಿ ಊದಿಕೊಂಡಿತ್ತು. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ನನಗೆ ಏಳಲು ಆಗುತ್ತಿರಲಿಲ್ಲ. ಅತ್ತೆ ಹೋಗಿ ನೋಡಿ ಬಂದು ಹೇಳುತ್ತಿದ್ದಳು. "ಕಣ್ಣ ತೆರೆದಿತ್ತ." "ಬೆರಳ ಹಿಡಕೊಂಡ್ತ." ಒಂದು ಬೆಳಿಗ್ಗೆ ಬಂದವಳು ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತು ನನ್ನ ಪಾದ ಹಿಡಿದುಕೊಂಡಳು.

ಎಷ್ಟು ದಿನ ಬದುಕಿತ್ತು ಎಂದು ಯಾರಾದರೂ ಕೇಳಿದರೆ ನಾನು ಇಂದಿಗೂ "ನಾಕ ದಿನ" ಎನ್ನುತ್ತೇನೆ. ಎಣಿಸಿ ಹೇಳಬಹುದು. ಎಣಿಸುವುದಿಲ್ಲ. ಆ ಮಾತಿನೊಳಗೆ ಸ್ವಲ್ಪ ಜಾಗವಿದೆ. ದಿನಗಳು ಒಂದೆರಡು ಹೆಚ್ಚಿದ್ದಿರಬಹುದು ಎಂಬಂತೆ ಕೇಳಿಸುತ್ತದೆ.

ಕೂಸನ್ನು ಅಪ್ಪ ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಊರಿಗೆ ಒಯ್ದ. ಹೊಲದ ಬದುವಿನಲ್ಲಿ ಕಾಕಾ ಕುಣಿ ತೋಡಿಕೊಟ್ಟನಂತೆ. ಅದಕ್ಕೆ ನಾಲ್ಕು ಮಂದಿ ಬೇಕಾಗಲಿಲ್ಲ. ಅಪ್ಪನೊಬ್ಬನೇ ಸಾಕಾದ.

ಹಳ್ಳ ಇಳಿದ ಮೇಲೆ ನನ್ನ ಗಂಡ ಬಂದ. ಮಂಚದ ಪಕ್ಕದಲ್ಲಿ ನಿಂತು ಗೋಡೆ ನೋಡಿದ, ಕಿಟಕಿ ನೋಡಿದ, ಕೊನೆಗೆ "ಊಟಾ ಮಾಡಿಯೇನ?" ಎಂದ. ನಾನು ಹೂಂ ಎಂದೆ.

ನಾನು ಮನೆಗೆ ಬಂದಾಗ ಹೆಂಗಸರು ನಾಕ ಸಮಾಧಾನದ ಮಾತು ಹೇಳಲು ಬಂದರು. ಪಡಸಾಲೆಯಲ್ಲಿ ಸಮಾಧಾನ, ಓಣಿಗೆ ಇಳಿದೊಡನೆ ಬೇರೆ ಮಾತು. ರಂಡೆಯ ಹೆಗಲು ಕೊಟ್ಟರೆ ಕೂಸು ಹೇಗೆ ಉಳಿದೀತು, ಎಂದು. ಆ ಮಾತು ಸುತ್ತಿ ಬಂದು ನಮ್ಮ ಅಡುಗೆಮನೆಗೂ ಹೊಕ್ಕಿತು. ಒಂದು ದಿನ ಅವ್ವ ಒಲೆಯ ಮುಂದೆ ಕೂತು, ಯಾರಿಗೆಂದಿಲ್ಲದೆ, "ನಾ ಅವತ್ತ ಬ್ಯಾಡ ಅಂದಿದ್ದೆ" ಎಂದಳು. ಅತ್ತೆ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಪಾತ್ರೆಯ ಸಪ್ಪಳ ನಿಂತಿತು.

ಹೊಟ್ಟೆಯ ಹೊಲಿಗೆ ಇನ್ನೂ ಜಗ್ಗುತ್ತಿತ್ತು. ನಾನು ಗೋಡೆ ಹಿಡಿದು ಎದ್ದು ಅಡುಗೆಮನೆಗೆ ಹೋದೆ.

"ಯವ್ವಾ, ಆಕಿ ಹೆಗಲ ಕೊಡದಿದ್ರ ಕೂಸೂ ಇರತಿರಲಿಲ್ಲ, ನಾನೂ ಇರತಿರಲಿಲ್ಲ. ನನ್ನ ನೋಡ. ನಾ ಇಲ್ಲಿ ನಿಂತೇನಿ."

ಅವ್ವ ನನ್ನನ್ನು ನೋಡಲಿಲ್ಲ. ಒಲೆಯಲ್ಲಿ ಕಟ್ಟಿಗೆ ಒಳಗೆ ತಳ್ಳಿದಳು. ಹೊಗೆ ಎದ್ದಿತು, ಆಕೆ ಕಣ್ಣೊರೆಸಿಕೊಂಡಳು. ಅತ್ತೆ ಅಂದಿನಿಂದ ನಮ್ಮ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದಳು. ಬೊಂಬು ಉಜ್ಜಿದ ಗಾಯ ಕೀವು ಹಿಡಿದು ಬಹಳ ದಿನ ಮಾಯಲಿಲ್ಲ. ಮಾಸ್ತರರು ಹುಬ್ಬಳ್ಳಿಯಿಂದ ಮುಲಾಮು ತಂದುಕೊಟ್ಟರು. ನಾನೇ ಹಚ್ಚುತ್ತಿದ್ದೆ. ಹಚ್ಚುವಾಗ ಆಕೆ ಬೇರೆ ಕಡೆ ನೋಡುತ್ತ ಕೂರುತ್ತಿದ್ದಳು.

ಮೂರು ಮಳೆಗಾಲದ ನಂತರ ನಾನು ಮತ್ತೆ ಬಸುರಾದೆ. ಈ ಸಲ ಗಂಡನ ಮನೆಯವರು ಊರಿಗೆ ಕಳಿಸಲು ಹೆದರಿದರು. ಹುಬ್ಬಳ್ಳಿಯಲ್ಲಿ ಗಂಡನ ದೂರದ ಸಂಬಂಧಿಕರ ಮನೆಯಲ್ಲಿ ಮೊದಲೇ ಹೋಗಿ ಉಳಿದೆ. ಜೊತೆಗೆ ಅತ್ತೆಯೇ ಬರಬೇಕೆಂದು ಹಠ ಹಿಡಿದೆ. "ನಾ ಒಲ್ಲೆ. ಮತ್ತ ಏನರ ಆತಂದ್ರ ನಾ ಬದುಕೂದಿಲ್ಲ" ಎಂದು ಹೇಳಿ ಕಳಿಸಿದಳು. ಬರಲಿಲ್ಲ. ಅವ್ವ ಬಂದಳು. ಮತ್ತೆ ಹೊಟ್ಟೆ ಕೊಯ್ದು ತೆಗೆದದ್ದು ಹೆಣ್ಣುಕೂಸು, ಹುಟ್ಟಿದೊಡನೆ ವಾರ್ಡು ಕೇಳುವಂತೆ ಅತ್ತಿತು.

ದಾರಿ ಒಣಗಿದ ಮೇಲೆ ಮಗಳನ್ನು ತವರಿಗೆ ಕರೆದುಕೊಂಡು ಹೋದೆ. ಪಡಸಾಲೆಯ ತುಂಬ ಓಣಿಯ ಹೆಂಗಸರು. ಅತ್ತೆ ಕೊಟ್ಟಿಗೆಯ ಕಡೆ ಸರಿದಿದ್ದಳು. ಅವ್ವ ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡು, ಎಲ್ಲರ ನಡುವೆ ಹಾದು ಹೋಗಿ, ಹಿಂಡಿ ಕಲಸುತ್ತಿದ್ದ ಅತ್ತೆಯ ಮುಂದೆ ನಿಂತಳು.

"ಕೈ ತೊಳಕೊ," ಎಂದಳು. "ಹಿಡಿ."

ಅತ್ತೆ ಕೈ ತೊಳೆದುಕೊಂಡಳು. ಸೀರೆಗೆ ಒರೆಸಿದಳು, ಮತ್ತೊಮ್ಮೆ ಒರೆಸಿದಳು. ಕೂಸನ್ನು ತೆಗೆದುಕೊಂಡು ಅದರ ಎರಡೂ ಕೈಗಳನ್ನು ಬಿಚ್ಚಿ, ಒಂದೊಂದೇ ಬೆರಳು ಮುಟ್ಟಿ ನೋಡಿದಳು. ಪಡಸಾಲೆಯ ಹೆಂಗಸರು ಕತ್ತು ಚಾಚಿ ನೋಡುತ್ತಿದ್ದರು. ಆಮೇಲೆ ಆಕೆ ಕೂಸನ್ನು ಅವ್ವನಿಗೆ ವಾಪಸು ಕೊಟ್ಟು, "ಸಾಕ ವೈನಿ, ಒಳಗ ಒಯ್ಯಿ, ಇಲ್ಲಿ ಗಾಳಿ ಐತಿ" ಎಂದು ಹಿಂಡಿಯ ಬುಟ್ಟಿ ಎತ್ತಿಕೊಂಡು ಎತ್ತಿನ ಕಡೆಗೆ ಹೋದಳು.